ನಡುಗಡಲ ರಾತ್ರಿಯಲ್ಲಿ ಎರಗುವ ಗಾಳಿ

ಕೆನರಿ ದ್ವೀಪಗಳಿಂದ ಕೆರಿಬಿಯನ್ ದ್ವೀಪಗಳಿಗೆ ಅಟ್ಲಾಂಟಿಕ್ ಸಾಗರದ ಮೇಲೆ ಸುಮಾರು 5,000 ಕಿಲೋಮೀಟರ್ ದಾರಿ. ಸಣ್ಣ ಹಾಯಿದೋಣಿಗೆ ಇದು ಮೂರು ವಾರಗಳ ಆಸುಪಾಸಿನ ಪಯಣ. ಈಶಾನ್ಯದ ವಾಣಿಜ್ಯ ಮಾರುತ ಹಿಂದಿನಿಂದ ಬೀಸಿ ದೋಣಿಯನ್ನು ಹದವಾಗಿ ತಳ್ಳುತ್ತಿರುತ್ತದೆ. ಇಂಥ ದಾರಿಯಲ್ಲೂ ನಾವಿಕರ ನಿದ್ದೆ ಕೆಡಿಸುವುದು ಸ್ಕ್ವಾಲ್. ಗಾಳಿಯ ವೇಗ ಹಠಾತ್ತನೆ ಕನಿಷ್ಠ 16 ನಾಟ್‌ನಷ್ಟು ಏರಿ, 22 ನಾಟ್ ಮುಟ್ಟಿ, ಒಂದು ನಿಮಿಷವಾದರೂ ಹಾಗೇ ಇದ್ದರೆ ಹವಾಮಾನ ತಜ್ಞರು ಅದನ್ನು ಸ್ಕ್ವಾಲ್ ಎನ್ನುತ್ತಾರೆ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್.

ಸ್ಕ್ವಾಲ್ ಹುಟ್ಟುವುದು ಮಳೆಮೋಡದಲ್ಲಿ. ಬೀಳುವ ಹನಿಗಳಲ್ಲಿ ಒಂದಷ್ಟು ಕೆಳಗಿನ ಒಣಗಾಳಿಯಲ್ಲಿ ಆವಿಯಾಗುತ್ತವೆ. ಮಣ್ಣಿನ ಹೂಜಿಯ ನೀರು ತಂಪಾಗುವ ಹಾಗೆಯೇ ಇಲ್ಲಿ ಗಾಳಿ ತಂಪಾಗುತ್ತದೆ. ತಂಪಾದ ಗಾಳಿ ಭಾರವಾಗಿ ಕೆಳಕ್ಕೆ ಧುಮುಕಿ, ನೀರಿಗೆ ಬಡಿದು ಸುತ್ತಲೂ ಹರಡುತ್ತದೆ. ಎಷ್ಟೋ ಸಲ ಮಳೆಗಿಂತ ಮೊದಲೇ ಗಾಳಿ ಬಂದೆರಗುವುದು ಇದರಿಂದಲೇ.

ಉಷ್ಣವಲಯದ ಕಡಲಿನಲ್ಲಿ ರಾತ್ರಿ ಈ ಮೋಡಗಳಿಗೆ ಬಲ ಹೆಚ್ಚು. ಸೂರ್ಯ ಮುಳುಗಿದ ಮೇಲೆ ಮೋಡದ ನೆತ್ತಿ ಶಾಖ ಕಳೆದುಕೊಂಡು ತಣಿಯುತ್ತದೆ. ಕಡಲ ನೀರು ಮಾತ್ರ ಬೆಚ್ಚಗೇ ಇರುತ್ತದೆ. ಮೇಲೆ ತಂಪು, ಕೆಳಗೆ ಬಿಸಿ ಇದ್ದಾಗ ಗಾಳಿ ಜೋರಾಗಿ ಮೇಲೇರಿ ಮೋಡ ಬೆಳೆಯುತ್ತದೆ. ಈ ತಣಿಯುವಿಕೆ ರಾತ್ರಿಯಿಡೀ ನಡೆಯುವುದರಿಂದ ಬೆಳಗಿನ ಜಾವದ ಪಾಳಿಯವರು ಹೆಚ್ಚು ಎಚ್ಚರದಿಂದಿರಬೇಕು.

ಗಾಳಿಯ ವೇಗ ಇಮ್ಮಡಿಯಾದರೆ ಹಾಯಿಯ ಮೇಲಿನ ಬಲ ನಾಲ್ಕು ಪಟ್ಟಾಗುತ್ತದೆ. 15 ನಾಟ್‌ಗೆ ಸರಿಯಾಗಿದ್ದ ಹಾಯಿ 30 ನಾಟ್‌ನಲ್ಲಿ ದೋಣಿಯನ್ನು ಮಗುಚುವಷ್ಟು ವಾಲಿಸಬಹುದು, ತಾನೇ ಹರಿಯಬಹುದು.

ಕತ್ತಲಲ್ಲಿ ಮೋಡ ಕಾಣದಿದ್ದರೂ ಸುಳಿವು ಸಿಗುತ್ತದೆ. ದಿಗಂತದ ನಕ್ಷತ್ರಗಳು ಒಂದು ಕಡೆ ಮರೆಯಾಗುತ್ತವೆ, ಗಾಳಿ ತಣ್ಣಗಾಗುತ್ತದೆ, ದಿಕ್ಕು ಬದಲಿಸುತ್ತದೆ. ರೇಡಾರ್ ಪರದೆಯಲ್ಲಿ ಮಳೆ ದಟ್ಟ ಕಲೆಯಾಗಿ ಮೂಡುತ್ತದೆ. ಆ ಕಲೆ ಒಂದೇ ದಿಕ್ಕಿನಲ್ಲಿ ಉಳಿದು ಹತ್ತಿರವಾಗುತ್ತಿದ್ದರೆ, ಅದು ನೇರ ದೋಣಿಯತ್ತಲೇ ಬರುತ್ತಿದೆ ಎಂದರ್ಥ.

ಹಿಂದಿನಿಂದ ಬೀಸುವ ಗಾಳಿಯಲ್ಲಿ ಸಾಗುವಾಗ ಸ್ಕ್ವಾಲ್ ಎರಗಿದರೆ, ಹಾಯಿ ಮೊದಲೇ ಚಿಕ್ಕದಾಗಿದ್ದಲ್ಲಿ, ಗಾಳಿಯ ಜೊತೆಗೇ ಓಡುವುದು ಒಳ್ಳೆಯದು. 8 ನಾಟ್ ವೇಗದಲ್ಲಿ ಓಡುವ ದೋಣಿಗೆ 30 ನಾಟ್ ಗಾಳಿ 22 ನಾಟ್‌ನಂತೆ ತಾಗುತ್ತದೆ. ಗಾಳಿಗೆ ಎದುರಾಗಿ 5 ನಾಟ್‌ನಲ್ಲಿ ಸಾಗಿದರೆ ಅದೇ ಗಾಳಿ 35 ನಾಟ್ ಆಗಿ, ಎರಡೂವರೆ ಪಟ್ಟು ಬಲದಿಂದ ಹೊಡೆಯುತ್ತದೆ. ಡೆಕ್ಕಿನ ಮೇಲಿರುವವರು ಸುರಕ್ಷಾ ಪಟ್ಟಿಯ ಹಗ್ಗವನ್ನು ದೋಣಿಗೆ ಬಿಗಿದುಕೊಂಡೇ ಇರಬೇಕು. ಕತ್ತಲಲ್ಲಿ ನೀರಿಗೆ ಬಿದ್ದವರನ್ನು ಮತ್ತೆ ಹುಡುಕುವುದು ಬಹಳ ಕಷ್ಟ.

ಅನುಭವಿ ನಾವಿಕರು ಸಂಜೆ ಬೆಳಕಿರುವಾಗಲೇ ಹಾಯಿಯನ್ನು ಕುಗ್ಗಿಸಿ ಕಟ್ಟುತ್ತಾರೆ. ಇದರಿಂದ ರಾತ್ರಿಯ ವೇಗ ಸ್ವಲ್ಪ ಇಳಿಯುತ್ತದೆ. ಆದರೆ ನೆಲದಿಂದ ಬಹಳ ದೂರದಲ್ಲಿ ಹಾಯಿ ಹರಿದರೆ, ಕೂವೆಮರ ಮುರಿದರೆ ನೆರವು ಬರಲು ದಿನಗಳೇ ಬೇಕು. ಹಾಯಿ ಕುಗ್ಗಿಸಬೇಕೇ ಎಂಬ ಯೋಚನೆ ಮನಸ್ಸಿಗೆ ಬಂದ ಗಳಿಗೆಯೇ ಅದನ್ನು ಕುಗ್ಗಿಸುವ ಸರಿಯಾದ ಸಮಯ.