ಹಾಸಿಗೆ ಹೆಚ್ಚಾದರೆ ನಿದ್ದೆ ಕಮ್ಮಿ

ಕೀಮೋ ಮುಗಿಸಿ ಮನೆಗೆ ಬಂದವರಿಗೆ ನೆಂಟರಿಷ್ಟರೆಲ್ಲ ಕೊಡುವ ಸಲಹೆ ಒಂದೇ: ‘ಏಳಬೇಡಿ, ಸುಮ್ಮನೆ ಮಲಗಿ ರೆಸ್ಟ್ ತಗೊಳ್ಳಿ.’ ಕಾಳಜಿಯ ಮಾತೇನೋ ಹೌದು. ಆದರೆ ಹಗಲೆಲ್ಲ ಮಲಗಿದ್ದವರು ರಾತ್ರಿ ಎರಡು ಗಂಟೆಗೆ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿರುತ್ತಾರೆ. ಪಕ್ಕದಲ್ಲಿರುವ ಗಂಡನೋ ಹೆಂಡತಿಯೋ ನಿದ್ದೆ ಬಂದವರಂತೆ ನಟಿಸುತ್ತಿರುತ್ತಾರೆ. ಕೆನಡಾದ ಕ್ವಿಬೆಕ್‌ನ ಜೋಸೆ ಸವಾರ್ ಮತ್ತು ಸಂಗಡಿಗರು 962 ಕ್ಯಾನ್ಸರ್ ರೋಗಿಗಳ ನಿದ್ದೆಯ ಜಾಡು ಹಿಡಿದು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶಸ್ತ್ರಚಿಕಿತ್ಸೆಯ ಹೊತ್ತಿಗೆ ಶೇ. 59 ಮಂದಿಗೆ ನಿದ್ರಾಹೀನತೆಯ ಲಕ್ಷಣಗಳಿದ್ದವು. 18 ತಿಂಗಳ ನಂತರವೂ ಶೇ. 36 ಮಂದಿಯಲ್ಲಿ ಅವು ಉಳಿದಿದ್ದವು. ಎಷ್ಟೋ ಜನರಿಗೆ ಚಿಕಿತ್ಸೆ ಮುಗಿದರೂ ನಿದ್ದೆ ಮರಳಲಿಲ್ಲ ಎಂದಾಯಿತು. ಏಕೆ?

ನಮ್ಮೊಳಗಿನ ನಿದ್ರಾಯಂತ್ರಕ್ಕೆ ಎರಡು ಭಾಗಗಳಿವೆ ಎಂದು ಜ್ಯೂರಿಕ್‌ನ ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ಒಂದು ಮಾದರಿ ಮುಂದಿಟ್ಟರು. ಮೊದಲನೆಯದು ನಿದ್ದೆಯ ಒತ್ತಡ. ಎಚ್ಚರವಿದ್ದಷ್ಟು ಹೊತ್ತೂ ಮಿದುಳು ಶಕ್ತಿ ಖರ್ಚು ಮಾಡುತ್ತದೆ, ಅಡಿನೋಸಿನ್ ಎಂಬ ರಾಸಾಯನಿಕ ಅಲ್ಲಿ ಶೇಖರವಾಗುತ್ತ ಹೋಗುತ್ತದೆ, ತೂಕಡಿಕೆ ಏರುತ್ತದೆ. ನಿದ್ದೆ ಮಾಡಿದಾಗ ಅದು ಇಳಿಯುತ್ತದೆ. ಎರಡನೆಯದು ಗಡಿಯಾರ. ಕಣ್ಣಿನ ನರಗಳು ಕೂಡುವ ಜಾಗದ ಸ್ವಲ್ಪ ಮೇಲೆ ಸುಮಾರು 20 ಸಾವಿರ ನರಕೋಶಗಳ ಪುಟ್ಟ ಗುಂಪೊಂದಿದೆ. ಅಕ್ಷಿಪಟಲದಿಂದ ಬರುವ ಬೆಳಕಿನ ಸುದ್ದಿ ಕೇಳಿ ಅದು ದಿನದಿನವೂ ಸಮಯ ಸರಿಪಡಿಸಿಕೊಳ್ಳುತ್ತದೆ. ಒತ್ತಡ ತುಂಬಿರಬೇಕು, ಗಡಿಯಾರವೂ ‘ಈಗ ರಾತ್ರಿ’ ಎನ್ನಬೇಕು. ಆಗಲೇ ಗಾಢ ನಿದ್ದೆ.

ಕ್ಯಾನ್ಸರ್ ಬಂದ ಮನೆಯಲ್ಲಿ ಎರಡೂ ಹಳಿ ತಪ್ಪುತ್ತವೆ. ಸುಸ್ತೆಂದು ಮಧ್ಯಾಹ್ನ ಎರಡು ತಾಸು ಮಲಗಿದರೆ ಒತ್ತಡ ಅಲ್ಲೇ ಇಳಿದುಹೋಗುತ್ತದೆ. ಸಂಜೆ ಹೊಟ್ಟೆತುಂಬ ಬೋಂಡ ತಿಂದವರಿಗೆ ರಾತ್ರಿಯೂಟ ಸೇರದ ಹಾಗೆ. ಹಗಲಲ್ಲೂ ಪರದೆ ಎಳೆದ ಕೋಣೆಯಲ್ಲೇ ಇದ್ದರೆ ಗಡಿಯಾರಕ್ಕೆ ಹಗಲು ಯಾವುದು, ಇರುಳು ಯಾವುದು ತಿಳಿಯುವುದಿಲ್ಲ. ಇದರ ಮೇಲೆ ಔಷಧಗಳ ಪಾಲು. ವಾಂತಿ ತಡೆಯಲು, ಅಲರ್ಜಿ ಆಗದಿರಲು ಕೀಮೋ ಜೊತೆ ಕೊಡುವ ಡೆಕ್ಸಾಮೆಥಾಸೋನ್ ಒಂದು ಸ್ಟಿರಾಯ್ಡ್. ಬೆಳಗಿನ ಜಾವ ದೇಹವೇ ಏರಿಸಿಕೊಳ್ಳುವ ಕಾರ್ಟಿಸಾಲ್‌ನ ದಾಯಾದಿ ಅದು. ಸಂಜೆ ನುಂಗಿದರೆ ದೇಹಕ್ಕೆ ಬೆಳಗಾಯಿತೆಂಬ ಭ್ರಮೆ ಹುಟ್ಟಬಹುದು. ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ಈಸ್ಟ್ರೋಜನ್ ಕೆಲಸಕ್ಕೆ ಅಡ್ಡ ಬರುವುದರಿಂದ ನಡುರಾತ್ರಿ ಮೈಯೆಲ್ಲ ಬಿಸಿಯೇರಿ ಬೆವರಿ ಎಚ್ಚರವಾಗುವುದುಂಟು.

ಇನ್ನು ಪಕ್ಕದವರ ಕಥೆ. ನಿದ್ದೆಯ ಚಲನವಲನ ಅಳೆಯಲು ಆಕ್ಟಿಗ್ರಾಫ್ ಎಂಬ ಕೈಗಡಿಯಾರದಂಥ ಸಾಧನವಿದೆ. ಮಣಿಕಟ್ಟಿನ ಅಲುಗಾಟವನ್ನು ರಾತ್ರಿಯಿಡೀ ದಾಖಲಿಸುತ್ತ, ನಿದ್ದೆ ಯಾವಾಗ, ಎಚ್ಚರ ಯಾವಾಗ ಎಂದು ಅಂದಾಜಿಸುತ್ತದೆ. ಬ್ರಿಟನ್ನಿನ ಪ್ಯಾಂಕರ್ಸ್ಟ್ ಮತ್ತು ಹಾರ್ನ್ ಇದನ್ನು 46 ಜೋಡಿಗಳಿಗೆ ಕಟ್ಟಿ ನೋಡಿದರು. ಅಲುಗಾಟಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಇಬ್ಬರಲ್ಲೂ ಒಟ್ಟಿಗೇ ಆಗುತ್ತಿದ್ದವು ಎಂದು 1994ರಲ್ಲಿ ವರದಿ ಮಾಡಿದರು. ಇವು ಆರೋಗ್ಯವಂತರ ಹಾಸಿಗೆಯ ಲೆಕ್ಕ. ಒಬ್ಬರು ನೋವಿನಿಂದ ಹೊರಳುವಾಗ, ಇನ್ನೊಬ್ಬರ ಮಿದುಳು ಉಸಿರಿನ ಸದ್ದಿಗೂ ಕಿವಿಗೊಟ್ಟೇ ಇರುವಾಗ ಇಬ್ಬರ ನಿದ್ದೆಯೂ ಹರಿದು ಚೂರಾಗುತ್ತದೆ. ತಮಾಷೆಯೆಂದರೆ, ಪ್ಯಾಂಕರ್ಸ್ಟ್ ಅಧ್ಯಯನದ ಬಹುಪಾಲು ಜೋಡಿಗಳು ಒಟ್ಟಿಗೆ ಮಲಗಿದಾಗಲೇ ಚೆನ್ನಾಗಿ ನಿದ್ದೆ ಬರುತ್ತದೆ ಎಂದಿದ್ದರು!

ಹಾಗಾದರೆ ರಿಪೇರಿ ಹೇಗೆ? ನಿದ್ರಾಹೀನತೆಗೆಂದೇ ರೂಪಿಸಿದ ವರ್ತನಾ ಚಿಕಿತ್ಸೆಯೊಂದಿದೆ, ವೈದ್ಯರು ಅದನ್ನು ಸಿಬಿಟಿ-ಐ ಎನ್ನುತ್ತಾರೆ. ಬಹುಕಾಲದ ನಿದ್ರಾಹೀನತೆಗೆ ಮೊದಲು ಕೊಡಬೇಕಾದದ್ದು ಮಾತ್ರೆಯಲ್ಲ, ಇದು ಎಂದು ಅಮೆರಿಕದ ವೈದ್ಯರ ಸಂಘಟನೆ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಹೇಳಿದೆ. ಇದರ ತಿರುಳು ನೆಂಟರ ಸಲಹೆಗೆ ತದ್ವಿರುದ್ಧ: ಹಾಸಿಗೆಯ ಹೊತ್ತನ್ನು ಕಡಿಮೆ ಮಾಡಿ. ಒಂಬತ್ತು ತಾಸು ಮಲಗಿ ಐದೂವರೆ ತಾಸು ಮಾತ್ರ ನಿದ್ದೆ ಬರುತ್ತಿದೆ ಎನ್ನಿ. ಆಗ ರಾತ್ರಿ 11.30ರಿಂದ ಬೆಳಗಿನ 5ರವರೆಗೆ ಮಾತ್ರ ಹಾಸಿಗೆ. ಮೊದಲ ವಾರ ಕಷ್ಟ. ಆದರೆ ಒತ್ತಡ ತುಂಬಿ ನಿದ್ದೆ ಗಟ್ಟಿಯಾಗುತ್ತದೆ. ಮಲಗಿದ ಹೊತ್ತಿನ ಶೇ. 85ರಷ್ಟಾದರೂ ನಿದ್ದೆ ಬಂದರೆ ವಾರಕ್ಕೆ ಕಾಲು ಗಂಟೆ ಸೇರಿಸುತ್ತ ಹೋಗುವುದು. ಜೊತೆಗೆ 1972ರಲ್ಲಿ ರಿಚರ್ಡ್ ಬೂಟ್ಜಿನ್ ಹೇಳಿದ ನಿಯಮ: ಸ್ವಲ್ಪ ಹೊತ್ತಿನಲ್ಲಿ ನಿದ್ದೆ ಬರದಿದ್ದರೆ ಎದ್ದು ಬೇರೆಡೆ ಕೂರಿ, ತೂಕಡಿಕೆ ಬಂದಾಗ ಮರಳಿ. ಹಾಸಿಗೆಯೆಂದರೆ ಒದ್ದಾಟ ಎಂದು ಕಲಿತ ಮಿದುಳು ಆ ಪಾಠ ಮರೆಯಬೇಕಲ್ಲ.

ಇದನ್ನು ತಾವಾಗಿಯೇ ಶುರುಮಾಡುವಂತಿಲ್ಲ. ಮಿದುಳಿನ ಗಡ್ಡೆ, ಫಿಟ್ಸ್ ಇದ್ದವರಿಗೆ, ಮೂಳೆಗೆ ಕ್ಯಾನ್ಸರ್ ಹರಡಿದ್ದು ರಾತ್ರಿ ಎದ್ದರೆ ಬೀಳುವ ಅಪಾಯವಿರುವವರಿಗೆ ಇದು ಹೊಂದದಿರಬಹುದು. ಮಾರ್ಫಿನ್ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ನಿದ್ದೆ ಮಾತ್ರೆ ನುಂಗಿದರೆ ಉಸಿರಾಟಕ್ಕೇ ಕುತ್ತು.

ಆದರೆ ಕೆಲವನ್ನು ಇಬ್ಬರೂ ಸೇರಿ ಮಾಡಬಹುದು. ನಿತ್ಯ ಒಂದೇ ಹೊತ್ತಿಗೆ ಏಳುವುದು. ಬೆಳಗಿನ ಕಾಫಿಯನ್ನು ಜಗಲಿಯಲ್ಲೋ ಬಾಲ್ಕನಿಯಲ್ಲೋ ಕುಡಿಯುವುದು. ಮೋಡ ಕವಿದಿದ್ದರೂ ಹೊರಗಿನ ಬೆಳಕು ಮನೆಯೊಳಗಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸಂಜೆಯ ಕಾಫಿ ಬಿಡುವುದು, ಏಕೆಂದರೆ ಕೆಫೀನ್ ಅಡಿನೋಸಿನ್ನಿನ ಜಾಗದಲ್ಲಿ ಕೂತು ತೂಕಡಿಕೆ ತಿಳಿಯದಂತೆ ಮಾಡುತ್ತದೆ. ಹಗಲ ಮಲಗಾಟ ಮಧ್ಯಾಹ್ನ ಮೂರು ಗಂಟೆಯೊಳಗೆ, ಅರ್ಧ ತಾಸಿಗೆ ಮುಗಿಯಲಿ. ಮೆಲುವಾದ ಯೋಗವೂ ಉಂಟು: ಅಮೆರಿಕದಲ್ಲಿ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ 410 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನಾಲ್ಕು ವಾರಗಳ ಯೋಗದಿಂದ ನಿದ್ದೆ ಸುಧಾರಿಸಿತ್ತು. ರಿಪೋರ್ಟಿನ ಚಿಂತೆ, ದುಡ್ಡಿನ ಚಿಂತೆಗಳನ್ನು ಸಂಜೆ ಒಟ್ಟಿಗೆ ಕೂತು ಹಾಳೆಯಲ್ಲಿ ಬರೆದು, ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬೇರೆ ಮಾಡಿಟ್ಟರೆ ಅವು ಹಾಸಿಗೆಯವರೆಗೆ ಬರುವುದು ಕಮ್ಮಿ.

ನೋಡಿಕೊಳ್ಳುವವರಿಗೆ ಇನ್ನೊಂದು ಮಾತು. ರೋಗಿಯ ಕೈಗೆಟಕುವಂತೆ ಒಂದು ಕರೆಗಂಟೆ ಇಡಿ. ಕರೆದರೆ ಕೇಳಿಸುತ್ತದೆ ಎಂಬ ಭರವಸೆಯಿದ್ದಾಗ ಅರೆನಿದ್ದೆಯ ಕಾವಲು ಬೇಕಾಗುವುದಿಲ್ಲ. ಮನೆಯಲ್ಲಿ ಮಗಳೋ ತಮ್ಮನೋ ಇದ್ದರೆ ರಾತ್ರಿಯ ಪಾಳಿ ಹಂಚಿಕೊಳ್ಳಿ. ಕೆಲವು ದಿನ ಬೇರೆ ಮಂಚದಲ್ಲಿ ಮಲಗಿದರೆ ಪ್ರೀತಿ ಕಡಿಮೆಯಾಯಿತೆಂದಲ್ಲ.

ಮುಂದಿನ ಸಲ ಓಪಿಡಿಗೆ ಹೋದಾಗ ಮೂರು ಪ್ರಶ್ನೆ ಕೇಳಿ: ಸ್ಟಿರಾಯ್ಡ್ ಮಾತ್ರೆಯನ್ನು ಬೆಳಿಗ್ಗೆಯೇ ತೆಗೆದುಕೊಳ್ಳಬಹುದೇ? ರಾತ್ರಿಯಿಡೀ ಕೆಲಸ ಮಾಡುವ ನೋವಿನ ಔಷಧ ಇದೆಯೇ? ನಮಗೆ ಸಿಬಿಟಿ-ಐ ಕೊಡುವವರು ಯಾರು? ನೋವೆಷ್ಟು, ವಾಂತಿಯೆಷ್ಟು ಎಂದು ಕೇಳುವ ವೈದ್ಯರು ನಿದ್ದೆಯೆಷ್ಟು ಎಂದೂ ಕೇಳಬೇಕು. ಆ ಪ್ರಶ್ನೆಯನ್ನು ಫೈಲು ಹಿಡಿದು ಪಕ್ಕದಲ್ಲಿ ಕೂತವರಿಗೂ ಕೇಳಬೇಕು. ಗುಣವಾಗುವವರೆಗೆ ಗಾಡಿ ಎಳೆಯಬೇಕಾದವರು ಅವರೂ ಹೌದಲ್ಲ.