ಒಂದೇ ಮನೆಯಲ್ಲಿ ಎರಡು ಒಲೆ

ಘಟ್ಟದ ಮೇಲಿನ ನಮ್ಮ ಅಡಿಕೆ ಸೀಮೆಯಲ್ಲಿ ಅಣ್ಣತಮ್ಮಂದಿರು ಹಿಸ್ಸೆಯಾಗುವುದು ಹೊಸ ಸಂಗತಿಯೇನಲ್ಲ. ಮನೆಯ ಮಾಡು ಒಂದೇ, ಒಳಗೆ ಒಲೆ ಎರಡು. ತೋಟ ಬೇರೆ ಬೇರೆ, ಅಂಗಳ ಮಾತ್ರ ಇಬ್ಬರದೂ. ಅರಬೈಲಿನ ನನ್ನ ಮನೆಯಲ್ಲಿಯೂ ಈಚೆಗೆ ಇಂಥದೊಂದು ಹಿಸ್ಸೆ ನಡೆಯಿತು. ಪಾಲಾದದ್ದು ಭೂಮಿಯಲ್ಲ, ನನ್ನ ಲ್ಯಾಪ್‌ಟಾಪಿನ ಒಳಗಿರುವ ಬೆರಳುದ್ದದ ಒಂದು ತಗಡು. ಅದಕ್ಕೆ ಸಾಲಿಡ್ ಸ್ಟೇಟ್ ಡ್ರೈವ್, ಚಿಕ್ಕದಾಗಿ ಎಸ್‌ಎಸ್‌ಡಿ ಎಂದು ಹೆಸರು.

ಹಿಸ್ಸೆಗೆ ಕಾರಣವಿಲ್ಲದಿರಲಿಲ್ಲ. ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಅದರ ಒಡೆಯರು ಕೊಡುತ್ತಿದ್ದ ಸಾಮಾನ್ಯ ರಕ್ಷಣೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ನನ್ನ ಹಳೆಯ ಯಂತ್ರಕ್ಕೆ ಒಗ್ಗುವುದಿಲ್ಲ. ರಕ್ಷಣೆಯಿಲ್ಲದ ಮನೆಯ ಬಾಗಿಲನ್ನು ಅಂತರಜಾಲಕ್ಕೆ ತೆರೆದಿಡುವುದು ವಿವೇಕವಲ್ಲ. ಹಾಗೆಂದು ಹಳೆಯದನ್ನು ಅಳಿಸಿಬಿಡುವಂತೆಯೂ ಇರಲಿಲ್ಲ. ಇಪ್ಪತ್ತು ವರ್ಷಗಳ ಪ್ರಶ್ನಪತ್ರಿಕೆಗಳು, ಹಳಗನ್ನಡ ಪಾಠದ ಟಿಪ್ಪಣಿಗಳು ಎಲ್ಲವೂ ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಹಳೆಯ ಅಕ್ಷರಗಳಲ್ಲಿವೆ. ಯೂನಿಕೋಡ್ 1991ರಲ್ಲಿಯೇ ಕನ್ನಡದ ಅಕ್ಷರಗಳಿಗೆ ಸ್ವಂತ ಸಂಖ್ಯೆಗಳನ್ನು ಕೊಟ್ಟಿತ್ತು. ಆದರೆ ನಾವು ಬಹುಕಾಲ ಬರೆದದ್ದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗೆ ಕನ್ನಡದ ವೇಷ ತೊಡಿಸಿ. ವೇಷ ಕಳಚಿದರೆ 'ಕ'ಕಾರದ ಜಾಗದಲ್ಲಿ ಯಾವುದೋ ವಿದೇಶೀ ಲಿಪಿ ಹಲ್ಲು ಕಿರಿಯುತ್ತದೆ. ಆದಕಾರಣ ಹಳೆಯ ಕಾಗದಗಳಿಗೆ ವಿಂಡೋಸ್, ಹೊಸ ಬರವಣಿಗೆಗೂ ಜಾಲಕ್ಕೂ ಲಿನಕ್ಸ್ ಎಂದು ನಿಶ್ಚಯವಾಯಿತು.

ಇಲ್ಲೊಂದು ಸ್ವಾರಸ್ಯವಿದೆ. ಹಿಂದಿನ ತಿರುಗುವ ತಟ್ಟೆಯಲ್ಲಿ ಪಾಲೆಂದರೆ ನಿಜವಾಗಿಯೂ ನೆಲದ ಪಾಲೇ. ತಟ್ಟೆಯ ಹೊರಸುತ್ತು ಒಬ್ಬನಿಗೆ, ಒಳಸುತ್ತು ಇನ್ನೊಬ್ಬನಿಗೆ. ಹೊರಸುತ್ತಿನಲ್ಲಿ ವೇಗ ಹೆಚ್ಚು, ಆದ್ದರಿಂದ ಮೊದಲ ಪಾಲು ಪಡೆದವನೇ ಭಾಗ್ಯವಂತ. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ. ವಿದ್ಯುತ್ ಕಣಗಳನ್ನು ಹಿಡಿದಿಡುವ ಕೋಶಗಳಲ್ಲಿ ಬರಹ ನಿಲ್ಲುತ್ತದೆ. ಕೋಶಗಳು ಅಳಿಸಿ ಬರೆದಷ್ಟೂ ಸವೆಯುವುದರಿಂದ, ಒಳಗಿನ ನಿಯಂತ್ರಕವು ಬರಹವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತ ಸವೆತವನ್ನು ಎಲ್ಲ ಕೋಶಗಳಿಗೂ ಸಮನಾಗಿ ಹಂಚುತ್ತದೆ. ಅಂದಮೇಲೆ ಗಡಿಕಲ್ಲು ನೆಲದಲ್ಲಿಲ್ಲ, ಉತಾರದಲ್ಲಿ ಮಾತ್ರ ಇದೆ! ಈಚಿನ ಯಂತ್ರಗಳಲ್ಲಿ ಆ ಉತಾರದ ಒಂದು ಪ್ರತಿ ಡ್ರೈವಿನ ಆದಿಯಲ್ಲಿಯೂ ಇನ್ನೊಂದು ಅಂತ್ಯದಲ್ಲಿಯೂ ಇರುತ್ತದೆ.

"ಮಾಸ್ತರ್ರೇ, ಮೊದಲು ಎಲ್ಲದರ ನಕಲು ತೆಗೆದು ಬೇರೆ ಡಿಸ್ಕಿನಲ್ಲಿಡಿ, ಆಮೇಲೆ ಹಿಸ್ಸೆ," ಎಂದ, ಸಹಾಯಕ್ಕೆ ಬಂದ ನನ್ನ ಹಳೆಯ ವಿದ್ಯಾರ್ಥಿ. ಬಿಟ್‌ಲಾಕರ್ ಬೀಗ ಹಾಕಿರುವ ಯಂತ್ರವಾದರೆ ಅದರ 48 ಅಂಕಿಗಳ ಕೀಲಿಯನ್ನೂ ಕಾಗದದ ಮೇಲೆ ಬರೆದಿಡಬೇಕು. ನಮ್ಮ ಘಟ್ಟದಲ್ಲಿ ಮಳೆ ಹಿಡಿದರೆ ಕರೆಂಟು ಯಾವಾಗ ಹೋಗುವುದೋ ಹೇಳಬರುವುದಿಲ್ಲ. ಪಾಲನ್ನು ಕುಗ್ಗಿಸುವ ನಡುವೆ ಯಂತ್ರ ನಿಂತರೆ ಇಪ್ಪತ್ತು ವರ್ಷದ ಕಾಗದಗಳಿಗೆ ಅಪಾಯ. ಬ್ಯಾಟರಿ ತುಂಬಿಸಿಕೊಂಡೇ ಕುಳಿತೆವು.

256 ಜಿಬಿಯ ಡ್ರೈವು ವಿಂಡೋಸಿನ ಎಣಿಕೆಯಲ್ಲಿ 238 ಎಂದು ತೋರುತ್ತದೆ. ಇದು ಅಂಗಡಿಯವನ ಮೋಸವಲ್ಲ. ತಯಾರಕರು ಸಾವಿರದ ಲೆಕ್ಕ ಹಿಡಿದರೆ ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ವಿಂಡೋಸಿನ ಪಾಲನ್ನು ವಿಂಡೋಸಿನಿಂದಲೇ ಸುಮಾರು 120ಕ್ಕೆ ಕುಗ್ಗಿಸಿ, ಲಿನಕ್ಸಿಗೆ 50, ಇಬ್ಬರಿಗೂ ಸೇರಿದ ಅಂಗಳಕ್ಕೆ 45 ಎಂದು ಹಂಚಿ, ಮಿಕ್ಕದ್ದನ್ನು ಖಾಲಿ ಬಿಟ್ಟೆವು. ಖಾಲಿ ಜಾಗ ದಂಡವೆಂದು ತಿಳಿಯಬಾರದು; ನಿಯಂತ್ರಕಕ್ಕೆ ಕೈಯಾಡಿಸಲು ಅದು ಬೇಕು. ಅಂಗಳವನ್ನು ಎನ್‌ಟಿಎಫ್‌ಎಸ್ ಎಂಬ ಕ್ರಮದಲ್ಲಿ ಸಿದ್ಧಪಡಿಸಿದೆವು. ಲಿನಕ್ಸಿಗೆ ವಿಂಡೋಸಿನ ಈ ಭಾಷೆ ಬರುತ್ತದೆ, ವಿಂಡೋಸಿಗೆ ಲಿನಕ್ಸಿನದು ತಾನಾಗಿ ಬಾರದು. ಯಂತ್ರ ಹೊತ್ತಿಸಿದಾಗ ಯಾರು ಏಳಬೇಕೆಂದು ಕೇಳುವ ಕೆಲಸ ಗ್ರಬ್ ಎಂಬ ದ್ವಾರಪಾಲಕನದು.

ಒಂದು ವಾರ ಸುಖವಾಗಿ ನಡೆಯಿತು. ಪರೀಕ್ಷೆಯ ಹಿಂದಿನ ರಾತ್ರಿ ಲಿನಕ್ಸಿನಲ್ಲಿ ಕುಳಿತು ಪ್ರಶ್ನಪತ್ರಿಕೆ ತಿದ್ದಿದರೆ, ಅಂಗಳದಲ್ಲಿ ಓದಬಹುದು, ಬರೆಯುವಂತಿಲ್ಲ! ತಪ್ಪು ನನ್ನದೇ. ವಿಂಡೋಸಿನಲ್ಲಿ 'ಫಾಸ್ಟ್ ಸ್ಟಾರ್ಟಪ್' ಎಂಬ ಏರ್ಪಾಡನ್ನು ತೆಗೆದಿರಲಿಲ್ಲ. ಅದಿದ್ದರೆ ವಿಂಡೋಸು ಸತ್ಯವಾಗಿ ಮಲಗುವುದಿಲ್ಲ. ಅಂಗಳದ ಲೆಕ್ಕವನ್ನು ಅರ್ಧಕ್ಕೆ ಹಿಡಿದುಕೊಂಡೇ ತೂಕಡಿಸುತ್ತದೆ. ಅದನ್ನರಿತ ಲಿನಕ್ಸು, ಬರೆದರೆ ಇಬ್ಬರ ಲೆಕ್ಕವೂ ಕೆಟ್ಟೀತೆಂದು ಕೈ ಕಟ್ಟಿ ನಿಲ್ಲುತ್ತದೆ. ವಿಂಡೋಸಿಗೆ ಹಿಂತಿರುಗಿ, ಆ ಏರ್ಪಾಡನ್ನು ತೆಗೆದು, ಪೂರ್ತಿ ಮುಚ್ಚಿದ ಮೇಲೆ ಕೆಲಸ ಸಾಗಿತು.

ಮರುದಿನ ಇನ್ನೊಂದು ಕೌತುಕ. ಆಕಾಶವಾಣಿಯಲ್ಲಿ ಬೆಳಗಿನ ಎಂಟು ಗಂಟೆ, ವಿಂಡೋಸಿನಲ್ಲಿ ಎರಡೂವರೆ! ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಗ್ರೀನ್‌ವಿಚ್ ಕಾಲಕ್ಕೆ ಸಮನಾಗಿ ಇಡುತ್ತದೆ, ವಿಂಡೋಸ್ ಅದನ್ನೇ ಊರ ಕಾಲವೆಂದು ಓದುತ್ತದೆ. ನಮಗೂ ಗ್ರೀನ್‌ವಿಚ್ಚಿಗೂ ಇರುವ ಅಂತರ ಸರಿಯಾಗಿ ಐದೂವರೆ ಗಂಟೆ. ಲಿನಕ್ಸಿಗೆ ಒಂದು ಸಾಲಿನ ಆಜ್ಞೆ ಕೊಟ್ಟು ಅದೂ ಊರ ಕಾಲವನ್ನೇ ಇಡುವಂತೆ ಮಾಡಿದೆವು. ಅಲ್ಲಿಯವರೆಗೆ ನಾನು ಶಾಲೆಗೆ ಹೊರಟದ್ದು ರೇಡಿಯೋದ ಗಂಟೆ ಕೇಳಿಯೇ.