ಒಣಗಿದ ಹುಲ್ಲುಹಾಸು ಮತ್ತೆ ಚಿಗುರಬಲ್ಲದು

ಬೆಂಗಳೂರಿನ ನಮ್ಮ ಮನೆಯೆದುರು ಹತ್ತಡಿ ಉದ್ದ, ಹತ್ತಡಿ ಅಗಲದ ಹುಲ್ಲುಹಾಸಿದೆ. ಸಂಜೆ ಮಕ್ಕಳು ಉರುಳಾಡುವುದು ಅಲ್ಲೇ. 2024ರ ಬೇಸಿಗೆಯಲ್ಲಿ ಅದು ಪೂರ್ತಿ ಕಂದು ಬಣ್ಣಕ್ಕೆ ತಿರುಗಿತು. ಹಿಂದಿನ ವರ್ಷ ಮುಂಗಾರು ಕೈಕೊಟ್ಟು ಕೊಳವೆಬಾವಿಗಳು ಬತ್ತಿದ್ದವು. ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಮಾರ್ಚ್‌ನಲ್ಲಿ ಆದೇಶ ಹೊರಡಿಸಿತ್ತು. ನೀರಿಲ್ಲದಿದ್ದರೆ ಗೊಬ್ಬರವಾದರೂ ಕೊಡೋಣವೆಂದು ನಾನು ಒಂದು ಬೊಗಸೆ ಯೂರಿಯಾ ಎರಚಿ, ಮೇಲೆ ಒಂದಿಷ್ಟು ನೀರು ಚಿಮುಕಿಸಿದೆ. ವಾರದೊಳಗೆ, ಗೊಬ್ಬರ ಬಿದ್ದ ಕಡೆಯೆಲ್ಲ ಹುಲ್ಲು ಬುಡಸಹಿತ ಸುಟ್ಟುಹೋಯಿತು. ಬಾಯಾರಿದ ಬೇರಿಗೆ ಗೊಬ್ಬರ ಆಹಾರವಲ್ಲ. ಅದು ಬೇರಿನಲ್ಲಿ ಉಳಿದ ಅಲ್ಪಸ್ವಲ್ಪ ನೀರನ್ನೂ ಎಳೆದುಕೊಳ್ಳುತ್ತದೆ.

ಕಂದು ಬಣ್ಣವೆಂದರೆ ಹುಲ್ಲು ಸತ್ತಿದೆ ಎಂದರ್ಥವಲ್ಲ. ಬರಗಾಲದಲ್ಲಿ ಗರಿಕೆ ತನ್ನ ಎಲೆಗಳನ್ನು ಒಣಗಲು ಬಿಟ್ಟು, ಬುಡ ಮತ್ತು ಬೇರಿನಲ್ಲಿ ಜೀವ ಹಿಡಿದುಕೊಂಡಿರುತ್ತದೆ. ಒಂದು ಹಿಡಿ ಹುಲ್ಲನ್ನು ಮೆಲ್ಲನೆ ಎಳೆದು ನೋಡಿ. ಗಟ್ಟಿಯಾಗಿ ಹಿಡಿದುಕೊಂಡಿದ್ದು, ಬುಡದಲ್ಲಿ ಬಿಳಿ ಅಥವಾ ತಿಳಿ ಹಸಿರು ಕಂಡರೆ ಅದು ಬದುಕಿದೆ. ಬೇರು ಸಮೇತ ಸಲೀಸಾಗಿ ಕಿತ್ತು ಬಂದರೆ ಅಷ್ಟು ಜಾಗದಲ್ಲಿ ಹೊಸದಾಗಿ ನೆಡಬೇಕಾಗುತ್ತದೆ.

ಇನ್ನು ನೀರಿನ ಮಾತು. ನಮ್ಮಲ್ಲಿ ಹೆಚ್ಚಿನವರು ದಿನವೂ ಸಂಜೆ ಪೈಪು ಹಿಡಿದು ಐದು ನಿಮಿಷ ಚಿಮುಕಿಸುತ್ತೇವೆ. ಇದರಿಂದ ಮೇಲಿನ ಮಣ್ಣು ಮಾತ್ರ ಒದ್ದೆಯಾಗಿ ಬೇರುಗಳೂ ಮೇಲೆಯೇ ಉಳಿಯುತ್ತವೆ. ಮಾರನೆಯ ದಿನದ ಬಿಸಿಲಿಗೆ ಮತ್ತೆ ಬಾಡುತ್ತವೆ. ವಾರಕ್ಕೆ ಎರಡೇ ಸಲ, ಮುಂಜಾನೆ, ನಾಲ್ಕೈದು ಅಂಗುಲ ಆಳಕ್ಕೆ ಇಳಿಯುವಂತೆ ಕೊಡಿ. ಮಣ್ಣು ಗಟ್ಟಿಯಾಗಿ ನೀರು ಹರಿದು ಹೋಗುತ್ತಿದ್ದರೆ ಕಬ್ಬಿಣದ ಸರಳಿನಿಂದ ಅಲ್ಲಲ್ಲಿ ಚುಚ್ಚಿ. ನೂರು ಚದರಡಿಗೆ ವಾರಕ್ಕೆ ಒಂದಂಗುಲ ನೀರೆಂದರೆ ಸುಮಾರು 230 ಲೀಟರ್, ಅಂದರೆ ಹದಿನೈದು ಬಕೆಟ್! ನೀರಿನ ಬರ ಇರುವಾಗ ಇಷ್ಟನ್ನು ಹುಲ್ಲಿಗೆ ಸುರಿಯುವುದು ನ್ಯಾಯವಲ್ಲ. ಹುಲ್ಲು ಮಲಗಿರಲಿ ಬಿಡಿ. ಬುಡ ಸಾಯದಂತೆ ಎರಡು ಮೂರು ವಾರಗಳಿಗೊಮ್ಮೆ ಇದರ ಅರ್ಧದಷ್ಟು ಕೊಟ್ಟರೆ ಸಾಕು.

ಅದಕ್ಕೂ ನಲ್ಲಿ ನೀರೇ ಬೇಕೆಂದಿಲ್ಲ. ಅಕ್ಕಿ, ತರಕಾರಿ ತೊಳೆದ ನೀರು ಆಗುತ್ತದೆ. ವುಝೂ ಮಾಡಿದ ನೀರಿನಲ್ಲಿ ಸಾಬೂನು ಇರುವುದಿಲ್ಲ. ನಾವು ಒಂದು ಟಬ್ ಇಟ್ಟು ಅದನ್ನು ಹಿಡಿದೆವು. ಐದು ಹೊತ್ತಿನದು ಸೇರಿದಾಗ ಎಷ್ಟಾಗುತ್ತದೆಂದು ನಮಗೇ ಆಶ್ಚರ್ಯ. ಆದರೆ ಕುಡಿಯುವ ನೀರಿನ ಆರ್‌ಓ ಯಂತ್ರ ಹೊರಹಾಕುವ ನೀರಿನಲ್ಲಿ ಲವಣ ಹೆಚ್ಚು. ಅದನ್ನು ಹುಲ್ಲಿಗೆ ಹಾಕದೆ ನೆಲ ಒರೆಸಲು ಬಳಸಿ.

ಗೊಬ್ಬರಕ್ಕೆ ಮಳೆ ಬರುವ ತನಕ ಕಾಯಲೇಬೇಕು. ಎರಡು ಮೂರು ಮಳೆ ಬಿದ್ದು ಹಸಿರು ಚಿಗುರು ಕಾಣಿಸಿದ ಮೇಲೆ, ಜರಡಿ ಹಿಡಿದ ಎರೆಗೊಬ್ಬರ ಇಲ್ಲವೇ ಚೆನ್ನಾಗಿ ಕಳಿತ ಸೆಗಣಿ ಗೊಬ್ಬರವನ್ನು ತೆಳ್ಳಗೆ ಹರಡಿ. ಯೂರಿಯಾವೇ ಬೇಕೆಂದರೆ ನೂರು ಚದರಡಿಗೆ 50 ಗ್ರಾಂ ಮೀರಬಾರದು. ಎಲೆ ಒಣಗಿರುವಾಗ, ಮಣ್ಣು ಒದ್ದೆಯಿರುವಾಗ ಸಮನಾಗಿ ಎರಚಿ, ಕೂಡಲೇ ಚೆನ್ನಾಗಿ ನೀರು ಹಾಯಿಸಿ. ಕತ್ತರಿಸುವಾಗ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ.

ನಮ್ಮ ಹುಲ್ಲು ಜೂನ್ ಹೊತ್ತಿಗೆ ಹಸಿರಾಯಿತು. ನಾನು ಯೂರಿಯಾ ಎರಚಿದ ಜಾಗ ಮಾತ್ರ ಬೋಳಾಗಿಯೇ ಉಳಿದಿತ್ತು. ಮೂಲೆಯಿಂದ ಗರಿಕೆಯ ತುಂಡುಗಳನ್ನು ಕಿತ್ತು ತಂದು ಅಲ್ಲಿ ನೆಟ್ಟೆವು.